ಮೂಲೆಯ ಹಸಿರು ಕಾಣದಾದ ದಿನ

ಬೆಳಗಿನ ಐದೂವರೆ. ತುರ್ಭೆಯ ಔಷಧ ಗೋದಾಮಿಗೆ ಬಂದ ಮರಗಮ್ಮ ತಕ್ಷಣ ಪೊರಕೆಗೆ ಕೈ ಹಾಕುವುದಿಲ್ಲ. ಮೊದಲು ಆಫೀಸಿನ ಕಂಪ್ಯೂಟರನ್ನು ಕಳ್ಳನನ್ನು ನೋಡಿದ ಹಾಗೆ ಓರೆಗಣ್ಣಿನಿಂದ ನೋಡುತ್ತಾರೆ. ಆಮೇಲೆ ಶೀತಲ ಕೋಣೆಯ ಗಾಜಿಗೆ ಹಣೆ ಹಚ್ಚಿ, ಒಳಗಿನ ಥರ್ಮಾಮೀಟರಿನಲ್ಲಿ ಐದು ಎಂಬ ಅಂಕಿ ಕಂಡ ಮೇಲೆಯೇ ಸೆರಗು ಸೊಂಟಕ್ಕೆ ಸಿಕ್ಕಿಸುವುದು.

ಕಲಬುರಗಿ ಕಡೆಯಿಂದ ಈ ಪರನಾಡಿಗೆ ಗಾರೆ ಕೆಲಸಕ್ಕೆ ಬಂದವರು ಹನ್ನೊಂದು ವರ್ಷಗಳಿಂದ ಇಲ್ಲಿ ಕಸ ಗುಡಿಸುತ್ತಿದ್ದಾರೆ. ಅಕ್ಷರ ಬಾರದು, ಬಸ್ಸುಗಳ ನಂಬರಿನ ಪುಣ್ಯದಿಂದ ಅಂಕಿ ಬರುತ್ತದೆ. ಕೋಣೆಯ ತುಂಬ ಇನ್ಸುಲಿನ್. ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಕೆಟ್ಟರೂ ನೋಡಲು ಗೊತ್ತಾಗುವುದಿಲ್ಲ. "ನಮ್ಮ ಮನಿಯವ್ರು ಸೈದಪ್ಪಗೂ ಇದೇ ಸೂಜಿ ನೋಡ್ರಿ. ಕೆಟ್ಟಿದ್ದು ಚುಚ್ಕೊಂಡ್ರ ಯಾರಿಗಿ ತಿಳೀತದ?"

ಕಂಪ್ಯೂಟರ್ ಪರದೆಯ ಕೆಳಮೂಲೆಯಲ್ಲಿ ಪುಟ್ಟ ಐಕಾನ್ ಒಂದಿತ್ತು. ತಂಪು ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಕೆಂಪಾದರೆ ಫೋನ್ ಮಾಡು ಎಂದಷ್ಟೇ ಅವರಿಗೆ ಹೇಳಿದ್ದು. ಕಳೆದ ಶ್ರಾವಣದಲ್ಲಿ ಕಂಪ್ಯೂಟರ್ ಅಪ್‌ಡೇಟ್ ಆದ ಮರುದಿನ ನೋಡಿದರೆ ಮೂಲೆ ಬರಿದು. ಕೆಂಪೇನೂ ಇಲ್ಲವಲ್ಲ ಎಂದು ವಾಚ್‌ಮನ್ ಆಕಳಿಸಿದ. "ಹಸಿರೂ ಇಲ್ಲಲ್ಲೋ!" ಎಂದು ಮರಗಮ್ಮ ಕೋಣೆಗೆ ಓಡಿದರು. ಅಂಕಿ ಎಂಟು, ನೋಡುನೋಡುತ್ತಲೇ ಒಂಬತ್ತು. ತಂಪು ಮಾಡುವ ಮಶೀನೇ ನಿಂತಿತ್ತು. ಕೂಡಲೇ ಫೋನ್ ಮಾಡಿದರು.

ಮ್ಯಾನೇಜರ್, ಉಡುಪಿಯ ಲೀಲಾಧರ, ಎದ್ದು ಬಿದ್ದು ಬಂದು ಬದಲಿ ಮಶೀನ್ ಹಾಕಿಸಿದರು. ಮಾಲು ಉಳಿಯಿತು. ಉಳಿದ ಮೇಲೆ ಕೇಳಿದ್ದು ಮಾತ್ರ ಇದು: "ಮರಗಮ್ಮ, ಕಂಪ್ಯೂಟರ್ ಒರೆಸುವಾಗ ನೀವು ಎಂತಾದ್ರೂ ಒತ್ತಿದ್ರಾ?"

ಮೂರು ದಿನ ಎಲ್ಲರ ಕಣ್ಣೂ ಅವರ ಒರೆಸುವ ಬಟ್ಟೆಯ ಮೇಲೆ. ಕೆಲಸ ಹೋಗುವುದೊಂದೇ ಬಾಕಿ. ನಾಲ್ಕನೆಯ ದಿನ ಬಂದ ಎಂಜಿನಿಯರ್ ಗುಟ್ಟು ಬಿಚ್ಚಿದ. ಹೊಸ ಅಪ್‌ಡೇಟ್‌ನಲ್ಲಿ ಹಳೆಯ ಪ್ರೋಗ್ರಾಮ್‌ಗಳ ಐಕಾನ್‌ಗಳ ಜಾಗವನ್ನೇ ತೆಗೆದುಹಾಕಿದ್ದಾರಂತೆ. ಪ್ರೋಗ್ರಾಮ್ ಒಳಗೆ ಕೆಲಸ ಮಾಡುತ್ತಲೇ ಇತ್ತು, ಹೊರಗೆ ಕಾಣುತ್ತಿರಲಿಲ್ಲ. ಅದೇ ದಿನ ಮಶೀನ್ ನಿಂತದ್ದು ಬರೀ ಕಾಕತಾಳೀಯ. ತಪ್ಪಾಯಿತು ಎಂಬ ಮಾತು ಇಂದಿಗೂ ಯಾರ ಬಾಯಿಂದಲೂ ಬಂದಿಲ್ಲ, ನಾಚಿಕೆಗೇಡು.

ಈಗ ಮರಗಮ್ಮ ದಿನಕ್ಕೆ ಆರು ಸಲ ಹೋಗಿ ಅಂಕಿ ನೋಡಿ ಬರುತ್ತಾರೆ. ಯಾರೂ ಹೇಳಿದ್ದಲ್ಲ. ಏನಾದರೂ ಬೇಕೇ ಎಂದರೆ, "ಬಾಗಲ ಮ್ಯಾಲ ಒಂದು ಹಸಿರು ದೀಪ ಹಾಕಸ್ರಿ ಅಂತ ಸಾಹೇಬ್ರಿಗಿ ಹೇಳೀನಿ" ಎನ್ನುತ್ತಾರೆ.

ದೀಪ ಬಂದರೆ ನಿಶ್ಚಿಂತೆಯೇ? ಮರಗಮ್ಮ ಪೊರಕೆ ಗೋಡೆಗೆ ಆನಿಸುತ್ತಾರೆ. "ಬಂದ್ರೂ ನಾ ಒಳಗ ನೋಡೇ ನೋಡ್ತೀನ್ರಿ. ಆ ಸೂಜಿ ಯಾರಿಗಿ ಹೋಗ್ತದಂತ ದೀಪಕ್ಕೇನು ಗೊತ್ತು?"