ಹುಣಸೆಹಣ್ಣಿಗೆ ಸಿಕ್ಕ ತಂತಿ

ನನ್ನ ಅತ್ತೆಗೆ ಕಪ್ಪು ಕಂಡರಾಗದು. ಕೆರಗೋಡಿನಿಂದ ಮಳವಳ್ಳಿಯ ನಮ್ಮ ಮನೆಗೆ ಬಂದವರೇ ಅಡುಗೆಮನೆಯ ಅಷ್ಟೂ ಪಾತ್ರೆಗಳ ತಳ ತಿಕ್ಕಿ ಹೊಳೆಯಿಸಿದರು. ಮನೆಯಲ್ಲಿ ಕಪ್ಪಗೆ ಉಳಿದವಳು ನಾನೊಬ್ಬಳೇ. ಪ್ರತಿ ಭಾನುವಾರ ಕಡಲೆಹಿಟ್ಟಿಗೆ ಅರಿಶಿನ ಬೆರೆಸಿದ ಬಟ್ಟಲು ಹಿಡಿದು ಬರುತ್ತಿದ್ದರು. “ಅಚ್ಕಳವ್ವ, ಬಣ್ಣ ಒಸಿ ತಿಳಿಯಾಯ್ತದೆ.” ನಗುತ್ತಲೇ ಹಚ್ಚಿಕೊಳ್ಳುತ್ತಿದ್ದೆ. ಒಳಗೆ ಪ್ರತಿ ಸಲವೂ ಚುರ್ ಅನ್ನುತ್ತಿತ್ತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಒಂದು ಭಾನುವಾರ ಲ್ಯಾಬಿನ ರಿಯೋಸ್ಟಾಟನ್ನು ಮನೆಗೆ ತಂದಿದ್ದೆ. ಪಿಂಗಾಣಿ ಕೊಳವೆಗೆ ತಂತಿ ಸುತ್ತಿ, ಮೇಲೊಂದು ಜಾರುಗುಂಡಿ ಇಟ್ಟು ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಸಾಧನ ಅದು. ತಂತಿ ತುಂಡಾಗಿತ್ತು, ಮರುದಿನವೇ ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆ. ಹೊಸ ತಂತಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಮೈತುಂಬ ಕಪ್ಪು ಪೊರೆ ಕಟ್ಟಿಸಿ, ತಟ್ಟೆಯಲ್ಲಿ ಆರಲು ಬಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ತಂತಿ ಥಳಥಳ!

“ಓದ್ದೋಳು ಅಂತೀಯ, ತಂತಿನೆಲ್ಲ ಮಸಿ ಮಾಡಿ ಮಡಗಿದ್ಯಲ್ಲವ್ವ! ಉಣ್ಸೆಣ್ಣು ಆಕಿ ತಿಕ್ಕಿವ್ನಿ, ಎಂಗೆ ಒಳೀತದೆ ನೋಡು,” ಎಂದರು ಅತ್ತೆ, ಬಹುಮಾನ ಗೆದ್ದವರ ಮುಖ ಮಾಡಿ.

ನನಗೆ ಅಳುವೇ ಬಂತು. “ಅತ್ತೆ, ಅದು ಮಸಿ ಅಲ್ಲ. ಸುತ್ತುಗಳು ಒಂದಕ್ಕೊಂದು ತಾಗಿಕೊಂಡೇ ಇರ್ತವೆ. ಆ ಕಪ್ಪಿದ್ರೆ ಕರೆಂಟು ತಂತಿಯ ಉದ್ದಕ್ಕೂ ಹೋಗ್ತದೆ. ಇಲ್ದಿದ್ರೆ ಪಕ್ಕದ ಸುತ್ತಿಗೆ ದಾಟಿ ಶಾರ್ಟಾಗ್ತದೆ.”

ಅತ್ತೆ ತಂತಿ ನೋಡಿದರು, ನನ್ನನ್ನು ನೋಡಿದರು. “ಅಂಗಾರೆ ಕಪ್ಪೇ ಅದ್ಕೆ ಕಾವ್ಲು ಅನ್ನು.”

ಮತ್ತೆ ಒಲೆ ಹಚ್ಚಿದೆವು. ಒಂದು ತುದಿ ನನ್ನ ಇಕ್ಕಳದಲ್ಲಿ, ಇನ್ನೊಂದು ಅವರದರಲ್ಲಿ. ಕಪ್ಪಿನ ವೈರಿಯೇ ಈಗ ಕಪ್ಪಿನ ಮೇಸ್ತ್ರಿ. “ಇಲ್ಲೊಸಿ ಬೆಳ್ಳಗದೆ, ಇನ್ನೊಂದ್ಸಲ ಕಾಯ್ಸು!” ಎಂದು ನನ್ನನ್ನೇ ಗದರಿಸಿದರು. ತಂತಿ ಆರಿದ ಮೇಲೆ ಕೊಳವೆಗೆ ಒತ್ತೊತ್ತಾಗಿ ಸುತ್ತಿ, ಜಾರುಗುಂಡಿ ತಾಗುವ ಗೆರೆಯಲ್ಲಷ್ಟೇ ಪೊರೆ ಕೆರೆದೆ. ಬ್ಯಾಟರಿಗೆ ಪುಟ್ಟ ಬಲ್ಬು ಸಿಕ್ಕಿಸಿ ಗುಂಡಿ ಜಾರಿಸಿದರೆ ಬೆಳಕು ಹೇಳಿದಂತೆ ಏರಿತು, ಇಳಿಯಿತು. ಅತ್ತೆ ಚಪ್ಪಾಳೆ ತಟ್ಟಿದರು.

ಆಮೇಲೆ ನೆನಪಾಯಿತು, ಆ ಭಾನುವಾರದ ಅರಿಶಿನ-ಕಡಲೆಹಿಟ್ಟಿನ ಬಟ್ಟಲು ಹಾಗೇ ಕೂತಿತ್ತು. ಅಭ್ಯಾಸಬಲದಿಂದ ಕೈ ಚಾಚಿದೆ. ಅತ್ತೆ ಅದನ್ನು ತಮ್ಮತ್ತ ಎಳೆದುಕೊಂಡರು.

“ಬುಡವ್ವ, ಬ್ಯಾಡ. ಆಮೇಲೆ ನೀನೂ ಸಾರ್ಟಾಗ್ಬುಟ್ಟೀಯ.”

ಮದುವೆಯಾದ ಮೇಲೆ ಎದೆ ಅಷ್ಟು ಹಗುರಾದದ್ದು ಅದೇ ಮೊದಲು. ಅತ್ತೆ ಅದೇ ಹಿಟ್ಟಿಗೆ ಈರುಳ್ಳಿ, ಖಾರದಪುಡಿ ಹಾಕಿ ಬೋಂಡ ಕರಿದರು. ಎಲ್ಲವೂ ಒಸಿ ಕಪ್ಪಗೇ ಆಗಿದ್ದವು. ಇಬ್ಬರೂ ಒಂದನ್ನೂ ಉಳಿಸಲಿಲ್ಲ.