ಚೂಲಬಂದ್ ಕರೆದ ಮದುವೆ

೧೯೪೩ರಲ್ಲಿ ನಾನು ಗೋಕಾಕದಲ್ಲಿ ಮದುವೆ ಅಡುಗೆಯ ಆಚಾರಿಯಾಗಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜೈನ ಮನೆಗಳಲ್ಲಿ ಲಗ್ನ ಗೊತ್ತಾದರೆ ಮುಹೂರ್ತ ಕೇಳಲು ಹೋದವರು ಬರುವಾಗ ನನ್ನ ಮನೆಯ ಕಟ್ಟೆಗೂ ಬಂದು ಕೂಡುತ್ತಿದ್ದರು. ಅದು ಯುದ್ಧದ ಕಾಲ. ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ, ಅಕ್ಕಿ ರೇಶನ್ನಿನಲ್ಲಿ ಬಂದಷ್ಟೇ. ಅಂಥದರಲ್ಲೂ ಕಡಿಮೆ ಖರ್ಚಿನಲ್ಲಿ ಮದುವೆ ಚೆಂದ ಮಾಡಿಕೊಡುತ್ತಾನೆ ಎಂಬ ಹೆಸರು ನನಗಿತ್ತು. ಹೆಸರಿನ ಜೊತೆಗೆ ತುಸು ಸೊಕ್ಕೂ ಇತ್ತು.

ಆ ಬೇಸಿಗೆಯಲ್ಲಿ ತುಕ್ಕಾನಟ್ಟಿಯಿಂದ ಪಾಯಪ್ಪ ಬಂದರು. ಸಣ್ಣ ಕಿರಾಣಿ ಅಂಗಡಿ, ತುಂಡು ಹೊಲ, ಒಬ್ಬಳೇ ಮಗಳು ಪದ್ದವ್ವ. ಬೀಗರು ಹುಕ್ಕೇರಿಯವರು, ವರನ ತಂದೆ ಭರಮಣ್ಣನದು ಬೆಲ್ಲದ ವ್ಯಾಪಾರ, ಮಾತು ಕಡಿಮೆ, ಠೀವಿ ಜಾಸ್ತಿ. ಸಾಲ ಮಾಡಬಾರದು, ಬೀಗರ ಮುಂದೆ ತಲೆ ತಗ್ಗಿಸಬಾರದು, ಇಷ್ಟೇ ಪಾಯಪ್ಪನ ಬೇಡಿಕೆ.

ನಾನು ದಾರಿ ಹೇಳಿದೆ. ಹಂದರಕ್ಕೆ ಜೋಳದ ಕಣಿಕೆ ಮತ್ತು ಮಾವಿನ ತಪ್ಪಲು. ಪಾತ್ರೆಗಳು ಬಸದಿಯವು. ಸಿಹಿ ಒಂದೇ, ಗೋದಿ ಹುಗ್ಗಿ. ಅದಕ್ಕೆ ಬೆಲ್ಲ ಸಾಕು. ಊಟ ಬೀಗರಿಗೆ ಮತ್ತು ಹತ್ತಿರದ ಬಳಗಕ್ಕೆ ಮಾತ್ರ. ಊರವರನ್ನು ಬರೀ ಅಕ್ಕಿಕಾಳಿಗೆ ಕರೆಯುವುದು. ಅಕ್ಕಿಕಾಳು ಎಂದರೆ ವಧೂವರರ ತಲೆಯ ಮೇಲೆ ಕಾಳು ಹಾಕಿ ಹರಸುವ ಹೊತ್ತು. ಹೆಸರಿಗಷ್ಟೇ ಅಕ್ಕಿ, ನಮ್ಮ ಕಡೆ ಅರಿಷಿಣ ಹಚ್ಚಿದ ಜೋಳವೂ ನಡೆಯುತ್ತದೆ. ಕಾಳು ಹಾಕಿದವರಿಗೆ ಪಾನಕ, ಎಲೆ ಅಡಿಕೆ. ಯಾರಿಗೂ ಬೇಸರವಿಲ್ಲ, ಯಾರಿಗೂ ಭಾರವಿಲ್ಲ. ಪಾಯಪ್ಪನ ಮುಖ ಅರಳಿತು.

ಮದುವೆಯ ದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಒಲೆ ಹೂಡಿ, ಹುಗ್ಗಿಯ ಕೊಪ್ಪರಿಗೆ ಏರಿಸಿ, ಬೆವರು ಒರೆಸಿಕೊಳ್ಳುತ್ತ ತಲೆ ಎತ್ತಿದೆ. ಏನೋ ಸರಿಯಿಲ್ಲ ಅನ್ನಿಸಿತು. ಆ ಹೊತ್ತಿಗೆ ಹಳ್ಳಿಯ ಪ್ರತಿ ಮಾಳಿಗೆಯ ಮೇಲೂ ಹೊಗೆ ಕಾಣಬೇಕು. ಊರಿನಲ್ಲಿ ಏಳುತ್ತಿದ್ದ ಹೊಗೆ ನನ್ನ ಒಲೆಯದೊಂದೇ.

ಬಾಜೂ ಮನೆಯ ಒಕ್ಕಲಗಿತ್ತಿ ಅಂಗಳದಲ್ಲಿ ಮಗುವಿಗೆ ತಲೆ ಬಾಚುತ್ತಿದ್ದಳು.

"ಏನಬೇ ತಂಗಿ, ಇವತ್ತ ಒಲಿ ಹಚ್ಚಿಲ್ಲೇನ?"

"ಯಾಕ ಹಚ್ಚೂಣ್ರಿ? ಚೂಲಬಂದ್ ಕರದಾರಲ್ರಿ. ಹುಡುಗೂರ್ನೂ ಉಪಾಸ ಇಟ್ಟೇವಿ."

ಚೂಲ ಎಂದರೆ ಮರಾಠಿಯಲ್ಲಿ ಒಲೆ. ನಮ್ಮ ಕಡೆಯ ಜೈನರಿಗೆ ಎರಡೂ ಭಾಷೆ ಬಾಯಲ್ಲಿರುವುದರಿಂದ ಆ ಮಾತು ಊರಿಗೆಲ್ಲ ಗೊತ್ತು. ಚೂಲಬಂದ್ ಕರೆದರೆ ಮನೆಯ ಒಲೆ ಹಚ್ಚಬಾರದು, ಮುದುಕರಿಂದ ಕೂಸಿನ ತನಕ ಎಲ್ಲರೂ ಮದುವೆ ಮನೆಯಲ್ಲೇ ಉಣ್ಣಬೇಕು. ಸಾಹುಕಾರರೂ ಎರಡು ಸಲ ಯೋಚಿಸಿ ಆಡುವ ಮಾತು ಅದು. ಎಂಬತ್ತು ಎಲೆಯ ಅಡುಗೆ ಒಲೆಯ ಮೇಲಿಟ್ಟುಕೊಂಡು ನಾನು ಇಡೀ ಊರನ್ನು ಹಸಿವಿನಲ್ಲಿ ಕೂಡಿಸಿದ್ದೆ.

ಓಡಿಹೋಗಿ ಪಾಯಪ್ಪನಿಗೆ ಹೇಳಿದೆ. ಅವರ ಕೈಯಲ್ಲಿದ್ದ ತೆಂಗಿನಕಾಯಿ ಕೆಳಗೆ ಬಿತ್ತು. ಮನೆಮನೆಗೆ ಕರೆ ಹೇಳಿಬಂದವನು ಊರಿನ ವಾಲೀಕಾರ. ಅವನನ್ನು ಹಿಡಿದು ತಂದರೆ, "ನೀವು ಅಕ್ಕಿಕಾಳು ಅಂದಿದ್ದು ಖರೇರಿ. ಹೊಂಟಾಗ ಆಯಿ ನಿಂದರಿಸಿ ಚೂಲಬಂದ್ ಅನ್ನು ಅಂದ್ರು. ಹಿರೇರ ಮಾತು ಹ್ಯಾಂಗ ಮೀರಲ್ರಿ?" ಎಂದ.

ಆಯಿ ಎಂದರೆ ಪಾಯಪ್ಪನ ತಾಯಿ, ಚಂಪಾಬಾಯಿ. ಮದುಮಗಳ ಕೋಣೆಯಲ್ಲಿ ಕೂತು ಹೂವಿನ ದಂಡೆ ಕಟ್ಟುತ್ತಿದ್ದರು. ಬಾಯಿ ತಪ್ಪಿ ಅಂದಿರಬೇಕು, ವಯಸ್ಸಾಗಿದೆ ಎಂದುಕೊಂಡೇ ಒಳಗೆ ಹೋದೆ.

"ತಿಳದ ಅಂದೇನಿ ಆಚಾರಿ," ಎಂದರು, ಕೈ ನಿಲ್ಲಿಸದೆ. "ಪ್ಲೇಗ ಬಂದಾಗ ಊರು ಬಿಟ್ಟು ಅಡವ್ಯಾಗ ಗುಡಸಲಾ ಹಾಕಿದ್ವಿ. ನನ್ನ ಗಂಡ ಅಲ್ಲೇ ಹ್ವಾದ. ಈ ಪಾಯಪ್ಪ ಮಲಿ ಕುಡಿಯೂ ಕೂಸು. ನನ್ನ ಒಲಿ ಬಂದ್ ಆದಾಗ ಇವರೆಲ್ಲಾರ ಒಲಿ ನನಗ ಉಣಿಸ್ಯಾವು. ಇನ್ನೊಂದ ಮದಿವಿ ಈ ಮನ್ಯಾಗ ಯಾವಾಗ? ನಾ ಇರ್ತೇನೇನ?"

"ನನಗೊಂದ ಮಾತು ಹೇಳಬಾರದೇನ ಆಯಿ?"

"ಹೇಳಿದ್ರ ಬ್ಯಾಡ ಅಂತಿದ್ರಿ."

ಅದು ನಿಜ. ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು. ಪದ್ದವ್ವ ಬಾಸಿಂಗ ಕಟ್ಟಿಕೊಂಡು ಗೋಡೆಗೆ ಒರಗಿ ಎಲ್ಲ ಕೇಳುತ್ತಿದ್ದಳು. ಬೀಗರ ಎದುರು ಎಲೆ ಬರಿದಾದರೆ ಹುಕ್ಕೇರಿಯಲ್ಲಿ ಆ ಮಾತನ್ನು ಜೀವಮಾನವಿಡೀ ಕೇಳಬೇಕಾದವಳು ಅವಳು. ಅವಳು ಆಯಿಯ ಕಡೆ ನೋಡಿದಳೇ ಹೊರತು ನನ್ನ ಕಡೆ ನೋಡಲಿಲ್ಲ.

ಇನ್ನೊಂದು ಕಷ್ಟವಿತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ; ಆ ಮನೆಯಲ್ಲಿ ಆಮೇಲೆ ಒಲೆಯನ್ನೂ ಉರಿಸುತ್ತಿರಲಿಲ್ಲ, ಯಾರಿಗೂ ಎಲೆಯನ್ನೂ ಹಾಕುತ್ತಿರಲಿಲ್ಲ. ಇಡೀ ಊರು ಬೆಳಕಿನಲ್ಲೇ ಉಂಡು ಏಳಬೇಕು. ಪಾಯಪ್ಪನ ಮನೆಯ ವರ್ಷದ ಜೋಳ ಹೊರಗೆ ಬಂತು. ಬಳಗದ ಹೆಂಗಸರು ರೇಷ್ಮೆ ಸೀರೆಯ ಸೆರಗು ಕಟ್ಟಿ ಬೀಸುವ ಕಲ್ಲಿಗೆ ಕೂತು ನುಚ್ಚು ಒಡೆದರು. ಅಂಗಡಿಯ ತೊಗರಿಬೇಳೆಯೆಲ್ಲ ಸಾರಾಯಿತು. ಹುಗ್ಗಿಗೆ ನಾನೇ ಕೈಯಾರೆ ಬೆಲ್ಲದ ನೀರು ಸುರಿದು ಎಲೆಗೊಂದು ಸೌಟು ಬರುವಂತೆ ತೆಳ್ಳಗೆ ಮಾಡಿದೆ. ಆ ಕೆಲಸ ಮಾಡುವಾಗ ನನ್ನ ಕಸುಬಿನ ಮೇಲೆ ನಾನೇ ಮಣ್ಣು ಹಾಕಿದಂತೆ ಅನ್ನಿಸಿತು.

ಅಕ್ಕಿಕಾಳು ಬಿದ್ದವು. ಮೊದಲ ಪಂಕ್ತಿ ಬೀಗರದು, ಅದು ಎಲ್ಲ ಕಡೆಯ ರೀತಿ. ಕರೆಯಲು ಹೋದರೆ ಭರಮಣ್ಣ ಹಂದರದ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಊರೆಲ್ಲ ನೆರೆದಿತ್ತು. ಹಸಿದ ಕೂಸುಗಳು ಅಳುತ್ತಿದ್ದವು. ಭರಮಣ್ಣನ ಎದುರಿಗೆ ಆಯಿ ನಿಂತು ನನಗೆ ಹೇಳಿದ್ದನ್ನೇ ಹೇಳುತ್ತಿದ್ದರು. ಮುಗಿಯಿತು, ಬೀಗರು ಈಗ ಗಾಡಿ ಹೂಡಿಸುತ್ತಾರೆ ಎಂದುಕೊಂಡೆ.

ಭರಮಣ್ಣ ನನ್ನ ಕಡೆ ತಿರುಗಿದರು. "ಆಚಾರಿ, ಚೂಲಬಂದ್ ಕರದ ಮಂದೀನ ಮೊದಲ ಕುಂದರಸ್ರಿ. ನಾವು ಕಡೀ ಪಂಕ್ತಿ."

"ಹೊತ್ತು ಸಾಲೂದಿಲ್ಲ ಧಣಿ. ನಿಮಗ ಊಟ ತಪ್ಪತೈತಿ."

"ನಾವು ಮುಂಜಾನೆ ತಿಂದ ಬಂದೇವಿ. ಅವರು ತಿಂದಿಲ್ಲ."

ಮುಂದಿನದೆಲ್ಲ ಹೊಗೆ, ಕೂಗಾಟ, ಓಡಾಟ. ಎಲೆ ಎತ್ತುವುದು, ಸಗಣಿ ಸಾರಿಸುವುದು, ಮತ್ತೆ ಎಲೆ. ಜೋಳದ ನುಚ್ಚು ಅವಸರಕ್ಕೆ ಬೇಯುವ ವಸ್ತುವಲ್ಲ. ಉಂಡವರು ಹುಗ್ಗಿ ತೆಳ್ಳಗಿದೆ ಎನ್ನಲಿಲ್ಲ. ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಕಡೆಗೆ ಬೀಗರಿಗೆ ಎಲೆ ಹಾಕಿದಾಗ ಬಿಸಿಲು ಮಾಳಿಗೆಯ ತುದಿಗೆ ಹತ್ತಿತ್ತು. ಕಡೆಯ ಕೊಪ್ಪರಿಗೆ ಇನ್ನೂ ಕುದಿಯುತ್ತಿತ್ತು. ಎಲೆಯ ತುದಿಗೆ ಉಪ್ಪು ಬಡಿಸಿದ್ದೆವು, ಅಷ್ಟೇ. ಸೂರ್ಯ ಮುಳುಗಿದ.

ಭರಮಣ್ಣ ಎಲೆಗೆ ಕೈಮುಗಿದು ಎದ್ದರು. ಅವರ ಹಿಂದೆ ದಿಬ್ಬಣವೆಲ್ಲ ಎದ್ದಿತು. ವರ ಎದ್ದ, ಅವನ ಪಕ್ಕದಲ್ಲಿ ಪದ್ದವ್ವನೂ. ಬೀಗರು ಹಸಿದು ಎದ್ದ ಹಂದರವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಪಾಯಪ್ಪ ಅಳುತ್ತ ಭರಮಣ್ಣನ ಕಾಲಿಗೆ ಬೀಳಲು ಹೋದರೆ ಅವರು ರಟ್ಟೆ ಹಿಡಿದು ಎತ್ತಿದರು.

"ಉಪಾಸ ನಮಗ ಹೊಸಾದಲ್ಲ ಬೀಗರ. ಇಡೀ ಊರು ಉಂಡ ಮದಿವಿ ಮಾತ್ರ ನಾ ಇವತ್ತ ನೋಡಿದ್ನಿ."

ಉಂಡ ಊರು ಮನೆಗೆ ಹೋಗಲಿಲ್ಲ. ಹಸಿದು ಎದ್ದವರ ಜೊತೆ ಹಂದರದಲ್ಲೇ ಕೂತಿತು. ಆಯಿಯೂ ಏನೂ ತಿಂದಿರಲಿಲ್ಲ. ಭರಮಣ್ಣ ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, "ಆಯಿ, ನಮ್ಮ ಮನ್ಯಾಗೂ ನಿಮ್ಮಂಥಾಕಿ ಒಬ್ಬಾಕಿ ಬೇಕಾಗಿತ್ತು" ಎಂದು ಸೊಸೆಯ ಕಡೆ ಕೈ ತೋರಿಸಿದರು. ಪದ್ದವ್ವ ಆಗ ಮೊದಲ ಸಲ ಅತ್ತಳು.

ಎಲ್ಲಿ ಕಡಿಮೆ ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ಎಲ್ಲಿ ಮಾಡಬಾರದು ಎಂಬುದನ್ನು ತುಕ್ಕಾನಟ್ಟಿ ಕಲಿಸಿತು. ಆಮೇಲೆ ಎಷ್ಟೋ ವರ್ಷ ಆಚಾರಿಕೆ ಮಾಡಿದೆ. ಎಷ್ಟು ಎಲೆ, ಯಾವ ಸಿಹಿ ಎಂಬ ಮಾತೆತ್ತುವ ಮೊದಲು, ಲಗ್ನ ಹೇಳಲು ಬಂದ ಯಜಮಾನರನ್ನು ಒಮ್ಮೆ ಮನೆಗೆ ತಿರುಗಿ ಕಳಿಸುತ್ತಿದ್ದೆ: "ಯಾರನ್ನ ಬಿಡಬಾರದು ಅಂತ ಮನ್ಯಾಗ ಮುದಕೀನ ಕೇಳಿ ಬರ್ರಿ."