ಕೋಚನ್ನು ಮನೆ ಮುಟ್ಟಿಸಿದ ಒನೆಜಿಮ್

ನಮ್ಮ ಐಸ್ ಹಾಕಿ ತಂಡದ ಬಸ್ಸಿನಲ್ಲಿ ಬಲಗಡೆಯ ಮೊದಲ ಸೀಟು ಕೋಚ್‌ನದು. ಒನೆಜಿಮ್ ಗೊದೆನ್ ಆ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಆ ಸೀಟಿನಲ್ಲಿ ಎಷ್ಟು ಮಂದಿ ಕೂತೆದ್ದು ಹೋದರೋ, ನೆನಪಿಟ್ಟವರಿಲ್ಲ. ನಮ್ಮ ಗಣಿ ಊರು ಟಿಮ್ಮಿನ್ಸ್‌ನ ನೆಲದಲ್ಲಿ ಚಿನ್ನ ಸಿಗುತ್ತಿತ್ತು, ರಿಂಕ್ ಎಂಬ ಮಂಜುಗಡ್ಡೆ ಮೈದಾನದಲ್ಲಿ ಗೆಲುವು ಮಾತ್ರ ಸಿಗುತ್ತಿರಲಿಲ್ಲ. ಗೋಲು ಹೊಡೆಯುವವರನ್ನು ತರಲು ಮಾಲೀಕರ ಕೈ ಬಿಗಿ. ಸೋತಾಗಲೆಲ್ಲ ಕೋಚನ್ನೋ ಮ್ಯಾನೇಜರನ್ನೋ ಬದಲಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಊರಿನ ರೇಡಿಯೋದಲ್ಲಿ ಪಂದ್ಯದ ವಿವರಣೆ ಹೇಳುತ್ತಿದ್ದವನು ನಾನು. ಹಾಗಾಗಿ ನನಗೂ ಆ ಬಸ್ಸಿನಲ್ಲೇ ಜಾಗ. ಒದ್ದೆ ಕೈಗವಸು, ಡೀಸೆಲ್, ಯಾರೋ ಬಿಚ್ಚಿದ ಬೂಟು, ಆ ವಾಸನೆ ಈಗ ಎಲ್ಲಾದರೂ ಬಂದರೆ ಮತ್ತೊಮ್ಮೆ ಆ ಬಸ್ಸು ಹತ್ತಿ ಕೂರಬೇಕೆನಿಸುತ್ತದೆ.

ಒನೆಜಿಮ್ ಗಣಿ ಕೆಲಸದಲ್ಲಿ ಎದೆ ಕೆಡಿಸಿಕೊಂಡು ಬಸ್ಸಿಗೆ ಬಂದವನು. ಅದು ಬಿಟ್ಟರೆ ಅವನಿಗೆ ಬೇರೆ ಕೆಲಸ ಕೊಡುವವರಿರಲಿಲ್ಲ. ಯಾವ ಊರಿನಿಂದ ಹೊರಡುವಾಗಲೂ ಎಲ್ಲರೂ ಬಂದರೇ ಎಂದು ಸೀಟಿನಿಂದ ಸೀಟಿಗೆ ಹೋಗಿ, ಮಲಗಿದವರ ಟೋಪಿ ಎತ್ತಿ ಮುಖ ನೋಡುತ್ತಿದ್ದ. ಒಮ್ಮೆ ನಮ್ಮ ಗೋಲ್‌ಕೀಪರ್ ಯಾವುದೋ ಹುಡುಗಿಯ ಮನೆಯಲ್ಲಿ ನಿದ್ದೆ ಹೋಗಿದ್ದಾಗ, ಇಡೀ ಬಸ್ಸನ್ನು ಅವಳ ಬಾಗಿಲಿಗೇ ತಂದು ಹಾರ್ನ್ ಹೊಡೆದ. ಮೊದಲು ಹೊರಗೆ ಬಂದವನು ಹುಡುಗಿಯ ಅಪ್ಪ.

ಆ ಚಳಿಗಾಲ ಟೊರೊಂಟೊದಿಂದ ವಿಟ್‌ಮೋರ್ ಎಂಬ ಹೊಸ ಮ್ಯಾನೇಜರ್ ಬಂದಿದ್ದ. ಸಡ್ಬರಿ ಊರಿಗೆ ಹೋಗಿ ಮತ್ತೆ ಸೋತೆವು. ಮರುದಿನ ಬೆಳಿಗ್ಗೆ ಮೋಟೆಲಿನಲ್ಲಿ ತಿಂಡಿ ತಿನ್ನುತ್ತಿರುವಾಗ ವಿಟ್‌ಮೋರನ ಫೋನು ಬಂತು. ಕೋಚ್ ಮರ್ಡೋ ಹೋಗಿ ಕೇಳಿಸಿಕೊಂಡು, ಬಿಳಿಚಿದ ಮುಖದಲ್ಲಿ ವಾಪಸ್ಸು ಬಂದು, "ನನ್ನನ್ನ ತೆಗೆದ್ರು. ಒನೆಜಿಮ್, ನಿನ್ನ ಹತ್ರ ಮಾತಾಡ್ಬೇಕಂತೆ" ಎಂದ.

ಫೋನಿದ್ದ ಕೌಂಟರಿನ ಪಕ್ಕದಲ್ಲೇ ಕೂತಿದ್ದ ನಮಗೆ ಎರಡೂ ಕಡೆಯ ಮಾತು ಕೇಳಿಸಿತು.

"ಅವನನ್ನ ಅಲ್ಲೇ ಬಿಟ್ಟು ಹೊರಡು. ಬೇರೆ ಬಸ್ಸಲ್ಲಿ ಬರ್ಲಿ."

"ಕರ್ಕೊಂಡ್ ಬಂದೋರನ್ನ ಬಿಟ್ಟು ನಾನು ಬರಲ್ಲ ಸಾರ್."

"ಹಾಗಾದ್ರೆ ನಿನ್ ಕೆಲಸಾನೂ ಹೋಯ್ತು."

"ಆಯ್ತು ಸಾರ್. ಬಸ್ಸು ಇಲ್ಲೇ ನಿಂತಿರುತ್ತೆ, ನೀವೇ ಬಂದು ಓಡಿಸ್ಕೊಂಡು ಹೋಗಿ."

"ಇವತ್ತೊಂದಿನ ಅವನನ್ನೂ ಹತ್ತಿಸ್ಕೊಂಡು ಬಸ್ಸು ತಗೊಂಡ್ ಬಾ. ಬಂದ ತಕ್ಷಣ ಕೀ ನನ್ ಕೈಗೆ ಕೊಡು" ಎಂದಿತು ಆ ಕಡೆಯ ಧ್ವನಿ.

ಒನೆಜಿಮ್ ಫೋನಿಟ್ಟು, ಉಳಿದಿದ್ದ ಮೊಟ್ಟೆ ತಿಂದು ಮುಗಿಸಿದ.

ಬಸ್ಸಿನಲ್ಲಿ ಮರ್ಡೋ ಹಿಂದಿನ ಸೀಟಿಗೆ ಹೋಗಿ ಕೂತ. ಅದೇ ಫೋನಿನಲ್ಲಿ ಅವನ ಜಾಗಕ್ಕೆ ಏರಿಸಿದ್ದ ಸಹಾಯಕ ಕೋಚ್‌ಗೆ ಮುಂದೆ ಕೂರಲು ಮುಖವಿಲ್ಲ. ಮೊದಲ ಸೀಟು ಖಾಲಿ.

"ಕೋಚ್, ಮುಂದೆ ಬನ್ನಿ," ಎಂದು ಕೂಗಿದ ಒನೆಜಿಮ್.

"ನಾನೆಲ್ಲಿಯ ಕೋಚ್ ಮಾರಾಯ?"

"ರಸ್ತೆಗೆ ಮೂಸ್ ನುಗ್ಗಿದ್ರೆ ನಿಮ್ ಹುದ್ದೆ ಏನಂತ ಕೇಳುತ್ತಾ? ಆಳೆತ್ತರದ ಆ ಜಿಂಕೆ ಬಸ್ಸಿಗೆ ಬಡಿದ್ರೆ ಎಲ್ರೂ ಮಾಜಿಗಳೇ. ಬಂದು ಬಲಗಡೆ ಕಾಡು ನೋಡ್ತಾ ಕೂತ್ಕೊಳಿ."

ಬಸ್ಸು ಗೊಳ್ಳೆಂದು ನಕ್ಕಿತು. ಮರ್ಡೋ ಮುಂದೆ ಬಂದು ಕೂತು, ದಾರಿಯುದ್ದಕ್ಕೂ ಕಾಡು ನೋಡಿದ. ನಡುವೆ ಒಂದೆರಡು ಸಲ ಕಣ್ಣೊರೆಸಿಕೊಂಡ.

ಊರು ತಲುಪಿದಾಗ ಸಂಜೆ ಬೆಳಕಿನ್ನೂ ಇತ್ತು. ರಿಂಕಿನ ಮುಂದೆ ಪತ್ರಿಕೆಯವರು ಕ್ಯಾಮೆರಾ ಹಿಡಿದು ನಿಂತಿದ್ದರು. ಒನೆಜಿಮ್ ನಿಲ್ಲಿಸಲೇ ಇಲ್ಲ. ಅವರೆದುರೇ ದಾಟಿ, ಹಿಮ ತುಂಬಿದ ಸಣ್ಣ ಬೀದಿಗೆ ಬಸ್ಸು ನುಗ್ಗಿಸಿ, ಮರ್ಡೋನ ಹೆಂಡತಿ ನಿಂತಿದ್ದ ಬಾಗಿಲಲ್ಲಿ ಅವನನ್ನು ಇಳಿಸಿದ. ಆಮೇಲೆ ರಿಂಕಿಗೆ ಮರಳಿ ಬಂದು, ವಿಟ್‌ಮೋರನ ಕೈಯಲ್ಲಿ ಕೀ ಇಟ್ಟ.

"ಹಿಮ ಕರಗೋಕೆ ರಸ್ತೆಗೆ ಹಾಕಿದ ಉಪ್ಪು ಬಸ್ಸಿನ ಅಡಿಗೆ ಹಿಡಿದಿದೆ ಸಾರ್, ತೊಳೆಸಿ," ಎಂದಷ್ಟೇ ಹೇಳಿ, ಊಟದ ಡಬ್ಬಿ ಹಿಡಿದು ಮನೆ ಕಡೆ ನಡೆದ.

ಆಟಗಾರರು ಯಾರೂ ತಮ್ಮ ಕಾರುಗಳತ್ತ ಹೋಗಲಿಲ್ಲ. ಹೆಗಲ ಮೇಲೆ ಚೀಲ ಹೊತ್ತು ಅವನ ಹಿಂದೆ ಹೊರಟರು. ಹೊಸ ಕೋಚೂ ಬಂದ, ನಾನೂ ಹೋದೆ. ಒನೆಜಿಮನ ಹೆಂಡತಿ ರೊಲಾಂಡ್ ಬಾಗಿಲು ತೆರೆದು ಆ ದಂಡು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಇಷ್ಟು ಜನಕ್ಕೆ ಬಟಾಣಿ ಸೂಪ್ ಎಲ್ಲಿಂದ ತರ್ಲಿ?"

"ರೊಲಾಂಡ್, ನನ್ನ ಕೆಲಸ ಹೋಯ್ತು ಕಣೇ."

ಅವಳು ಗಂಡನ ಮುಖವನ್ನೂ, ಹಿಂದೆ ತಲೆ ತಗ್ಗಿಸಿ ನಿಂತ ಅಷ್ಟೂ ಹುಡುಗರನ್ನೂ ನೋಡಿದಳು.

"ಅದು ಆಮೇಲೆ ಹೇಳು. ಮೊದ್ಲು ಇವ್ರಿಗೆ ಬೂಟು ಹೊರಗೆ ಬಿಚ್ಚೋಕೆ ಹೇಳು," ಎಂದು ದೊಡ್ಡ ಪಾತ್ರೆ ಹುಡುಕಲು ಒಳಗೆ ಹೋದಳು.